ಹಿಂದೆ ಕಾಣುತ್ತೆ ಸರಿ, ಎಡಗಡೆ ಯಾರು ನೋಡ್ತಾರೆ?

ಈ ಸಲ ಬಂದ ಪತ್ರಗಳೆಲ್ಲ ಮೋಟರ್‌ಹೋಮ್ ಕ್ಯಾಮರಾ ಸುತ್ತಲೇ ಇವೆ. ಪುಣೆ, ಮುಂಬೈ, ಗೋವಾ ಕಡೆಯ ನಮ್ಮವರು ಹಳೇ ಟೆಂಪೋ ಟ್ರಾವೆಲರ್ ವ್ಯಾನ್ ಕೊಂಡು ಒಳಗೆ ಹಾಸಿಗೆ, ಒಲೆ, ಸಿಂಕ್ ಹಾಕಿಸಿಕೊಳ್ಳುತ್ತಿದ್ದಾರೆ. ಒಳಗಿನ ಕೆಲಸವೆಲ್ಲ ಮುಗಿದು ಗಾಡಿಯನ್ನು ಮೊದಲ ಸಲ ಸೊಸೈಟಿ ಗೇಟಿನಿಂದ ಹಿಂದಕ್ಕೆ ತೆಗೆಯುವಾಗಲೇ, ಅಯ್ಯೋ, ಹಿಂದೆ ಏನೂ ಕಾಣ್ತಿಲ್ಲವಲ್ಲ ಅನ್ನೋದು ತಲೆಗೆ ಬರೋದು. ಅಡುಗೆ ಗ್ಯಾಸಿನ ಬಗ್ಗೆ ಕೇಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.

ಪ್ರಶ್ನೆ: ನಾವು ಧಾರವಾಡದವರು, ಈಗ ಪುಣೆಯ ಕೊಥ್ರೂಡ್‌ನಲ್ಲಿದ್ದೇವೆ. ಸುಮಾರು 7 ಮೀಟರ್ ಉದ್ದದ ಟ್ರಾವೆಲರನ್ನು ಮೋಟರ್‌ಹೋಮ್ ಮಾಡಿಸಿದ್ದೇವೆ. ಒಳಗಿನ ಕನ್ನಡಿಯಲ್ಲಿ ಈಗ ಬಟ್ಟೆ ಬೀರು ಬಿಟ್ಟರೆ ಬೇರೇನೂ ಕಾಣೋದಿಲ್ಲ. ಆಕ್ಸೆಸರಿ ಅಂಗಡಿಯವರು 4ಕೆ ಕ್ಯಾಮರಾ, 360 ಡಿಗ್ರಿ ಸಿಸ್ಟಮ್ ಅಂತ ಉದ್ದದ ಪಟ್ಟಿ ಕೊಟ್ಟಿದ್ದಾರೆ. ನಿಜಕ್ಕೂ ಎಷ್ಟು ಕ್ಯಾಮರಾ ಬೇಕು, ಯಾವುದು ಬೇಕು?

ಉತ್ತರ: ಆ ಪಟ್ಟಿ ಸದ್ಯಕ್ಕೆ ಮಡಚಿಡಿ. ಮೊದಲು ಒಂದು ಸೀಮೆಸುಣ್ಣ ಸಾಕು. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ನೀವು ಡ್ರೈವರ್ ಸೀಟಲ್ಲಿ ಕೂತುಕೊಳ್ಳಿ, ಮನೆಯವರು ಯಾರಾದರೂ ಗಾಡಿ ಸುತ್ತ ಮೆಲ್ಲಗೆ ನಡೆಯಲಿ. ಅವರು ಕನ್ನಡಿಯಿಂದ ಮರೆಯಾದ ಕೂಡಲೇ ಹಾರ್ನ್ ಮಾಡಿ, ಅವರು ಅಲ್ಲೇ ನೆಲಕ್ಕೆ ಗೆರೆ ಎಳೆಯಲಿ. ಆಮೇಲೆ ಇಳಿದು ನೋಡಿ. ಬೆನ್ನ ಹಿಂದೆ ದೊಡ್ಡದೊಂದು ಜಾಗ, ಎಡಗಡೆ ಮುಂಬಾಗಿಲ ಪಕ್ಕದಿಂದ ಶುರುವಾಗಿ ಹಿಂದಕ್ಕೆ ಹೋಗುವ ಇನ್ನೊಂದು, ಬಲಗಡೆ ಚಿಕ್ಕದೊಂದು ಕಾಣುತ್ತೆ. ಕ್ಯಾಮರಾ ಬೇಕಿರೋದು ಆ ಗೆರೆಗಳ ಒಳಗಿನ ಜಾಗಕ್ಕೆ ಮಾತ್ರ.

ನಿಮ್ಮ ಅಳತೆಯ ಗಾಡಿಗೆ ಹಿಂದೆ, ಎಡಕ್ಕೆ, ಬಲಕ್ಕೆ ಅಂತ ಮೂರು ಸಾಕು. ದುಡ್ಡು ಸಾಲದಿದ್ದರೆ ಬಲಗಡೆಯದನ್ನು ಬಿಡಿ, ಎಡಗಡೆಯದನ್ನು ಮಾತ್ರ ಬಿಡಬೇಡಿ. ಹಿಂದಿನದನ್ನು ಎಲ್ಲರೂ ಹಾಕಿಸುತ್ತಾರೆ, ಎಡಗಡೆಯದನ್ನು ಕೇಳುವವರೇ ಕಡಿಮೆ, ಆದರೆ ಪುಣೆಯಲ್ಲಿ ಗಾಡಿ ಓಡಿಸುವವರಿಗೆ ನಾನು ಹೇಳಬೇಕಾ, ಸಿಗ್ನಲ್ ಬಿಡುವ ಹೊತ್ತಿಗೆ ಫುಟ್‌ಪಾತಿಗೂ ನಿಮ್ಮ ಗಾಡಿಗೂ ನಡುವೆ ಒಂದು ಸ್ಕೂಟರ್ ನುಗ್ಗಿಯೇ ಇರುತ್ತೆ, ನೀವು ಕೂತಿರೋದು ಬಲಕ್ಕೆ. ಹಿಂದಕ್ಕೆ ತೆಗೆಯುವಾಗ ಗಾಡಿ ನಡಿಗೆಯ ವೇಗದಲ್ಲಿರುತ್ತೆ, ಯಾರಾದರೂ ಇಳಿದು "ಬರ್ಲಿ, ಬರ್ಲಿ" ಅನ್ನಬಹುದು, ಪುಣೆಯಾದರೆ ದಾರಿಯಲ್ಲಿ ಹೋಗುವವರೇ ನಿಂತು "ಯೇಊ ದೇ, ಯೇಊ ದೇ" ಅಂತ ಕೈ ಆಡಿಸುತ್ತಾರೆ. ಎಡಕ್ಕೆ ತಿರುಗುವಾಗ ಹಾಗೆ ಹೇಳೋಕೆ ಯಾರೂ ಇರಲ್ಲ.

ಕಾರು ಓಡಿಸಿ ಅಭ್ಯಾಸವಾದವರಿಗೆ ಹೊಳೆಯದ ಇನ್ನೊಂದು ವಿಷಯ ಇದೆ. ನಿಮ್ಮ ಗಾಡಿಯಲ್ಲಿ ಹಿಂದಿನ ಚಕ್ರದಾಚೆಗೂ ಬಾಡಿ ಉದ್ದಕ್ಕೆ ಚಾಚಿಕೊಂಡಿದೆ. ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ ಆ ಬಾಲ ಎಡಕ್ಕೆ ಬೀಸುತ್ತೆ. ಪೆಟ್ರೋಲ್ ಬಂಕಿನ ಕಂಬ, ಪೇಠ್‌ಗಳ, ಅಂದರೆ ಪುಣೆಯ ಹಳೇ ಪೇಟೆಗಳ, ಗಲ್ಲಿಯಲ್ಲಿ ಸಾಲಾಗಿ ನಿಲ್ಲಿಸಿದ ಬೈಕು, ಗೇಟಿನ ಮೂಲೆ, ಇವಕ್ಕೆಲ್ಲ ತಾಗೋದು ಈ ಬೀಸಿನಿಂದಲೇ. ಆದ್ದರಿಂದ ಸೈಡ್ ಕ್ಯಾಮರಾವನ್ನು ಮುಂದೆ, ಕನ್ನಡಿಗಿಂತ ಸ್ವಲ್ಪ ಮೇಲೆ, ಮುಖ ಹಿಂದಕ್ಕೆ ಮಾಡಿ ಕೂರಿಸಿ. ಚಿತ್ರದಲ್ಲಿ ನಿಮ್ಮದೇ ಬಾಡಿ ಐದರಲ್ಲಿ ಒಂದು ಪಾಲು ಕಾಣಬೇಕು, ಹಿಂದಿನ ಚಕ್ರ ನೆಲ ಮುಟ್ಟುವ ಜಾಗ ಕಾಣಬೇಕು, ಬಾಲದ ಮೂಲೆ ಕಾಣಬೇಕು. ಬಾಡಿ ಕಾಣದಿದ್ದರೆ ಸ್ಕೂಟರ್ ಎಷ್ಟು ಹತ್ತಿರ ಇದೆ ಅಂತ ಅಂದಾಜೇ ಸಿಗಲ್ಲ. ಕ್ಯಾಮರಾ ಕನ್ನಡಿಗಿಂತ ಹೊರಗೆ ಚಾಚಬಾರದು, ಚಾಚಿದರೆ ಯಾವುದೋ ಬಸ್ಸು ಅದನ್ನು ಕಿತ್ತುಕೊಂಡು ಹೋಗುತ್ತೆ.

ಇನ್ನು ಹಿಂದಿನದು. ಅದಕ್ಕೆ ನಾವು ಎರಡು ಕೆಲಸ ಹೇಳ್ತೀವಿ, ಆ ಎರಡೂ ಒಂದಕ್ಕೊಂದು ಆಗಿಬರಲ್ಲ. ರಿವರ್ಸ್ ತೆಗೆಯುವಾಗ ಅದು ಕೆಳಗೆ ನೋಡಬೇಕು, ಬಂಪರಿನ ಅಂಚು ಚಿತ್ರದ ಅಡಿಯಲ್ಲಿ ಕಾಣಬೇಕು. ಒಳಗಿನ ಕನ್ನಡಿಯ ಬದಲಿಗೆ ಬೇಕೆಂದರೆ ಅದೇ ಕ್ಯಾಮರಾ ದೂರಕ್ಕೆ ನೋಡಬೇಕು, ಖಂಬಾಟ್ಕಿ ಘಾಟ್ ಹತ್ತುವಾಗ ಬೆನ್ನಿಗೆ ಅಂಟಿಕೊಂಡು ಬರುವ ಲಾರಿ ಕಾಣಬೇಕು. ಒಂದೇ ಲೆನ್ಸನ್ನು ನಡುವೆ ಎಲ್ಲೋ ನಿಲ್ಲಿಸಿದರೆ ಎರಡು ಕೆಲಸವೂ ಅರ್ಧಂಬರ್ಧ. ಒಂದೇ ಡಬ್ಬಿಯಲ್ಲಿ ಎರಡು ಲೆನ್ಸ್ ಇರುವ ಕ್ಯಾಮರಾ ಸಿಗುತ್ತೆ, ಒಂದು ಕೆಳಗೆ, ಒಂದು ದೂರಕ್ಕೆ. ಒಳಗಿನ ಕನ್ನಡಿ ಕೆಲಸಕ್ಕೆ ಬಾರದ ನಿಮ್ಮಂಥ ಗಾಡಿಗೆ ಅದನ್ನೇ ತಗೊಳ್ಳಿ. ಅದು ಮಾನಿಟರ್‌ನಲ್ಲಿ, ಅಂದರೆ ನಿಮ್ಮ ಮುಂದಿನ ಪರದೆಯಲ್ಲಿ, ಎರಡು ಚಾನೆಲ್ (ಚಿತ್ರ ಒಳಬರುವ ದಾರಿ) ತಿನ್ನುತ್ತೆ, ಎರಡು ಸೈಡ್ ಸೇರಿ ನಾಲ್ಕು. ನಾಲ್ಕು ಚಾನೆಲ್ ಮಾನಿಟರ್‌ಗೆ ಅಲ್ಲಿಗೆ ಭರ್ತಿ.

4ಕೆ ಮಾತು ಬಿಡಿ. ಡ್ಯಾಶ್‌ಬೋರ್ಡ್ ಮೇಲೆ ಕೂರುವ 7 ಇಂಚಿನ ಮಾನಿಟರ್‌ಗಳಲ್ಲಿ ಬಹಳಷ್ಟರ ಪರದೆ 1024 x 600 ಪಿಕ್ಸೆಲ್, ಅಗ್ಗದವು 800 x 480. ಅದರ ಮೇಲೆ 4ಕೆ ಚಿತ್ರ ಹಾಕಿದರೂ ಪರದೆ ತೋರಿಸೋದು ತನ್ನ ಕೈಲಾದಷ್ಟೇ. 720 ಅಥವಾ 1080ರ ಎಎಚ್‌ಡಿ (ವೈರಿನಲ್ಲಿ ಎಚ್‌ಡಿ ಚಿತ್ರ ಕಳಿಸುವ ಒಂದು ಬಗೆ) ಕ್ಯಾಮರಾ ಧಾರಾಳ ಸಾಕು, ಆದರೆ ಮಾನಿಟರ್ ಕೂಡ ಅದೇ ಎಎಚ್‌ಡಿ, ಅದೇ ರೆಸಲ್ಯೂಷನ್ ಓದುವಂಥದ್ದು ಇರಬೇಕು. ಬೇರೆ ಬೇರೆ ಕಡೆ ತಂದು ಜೋಡಿಸಿದರೆ ಚಿತ್ರ ಕಪ್ಪುಬಿಳುಪಾಗುತ್ತೆ, ಇಲ್ಲ ಉರುಳುತ್ತೆ, ಇಲ್ಲ ಬರೋದೇ ಇಲ್ಲ. ಉಳಿದ ದುಡ್ಡನ್ನು ಮಂದ ಬೆಳಕಲ್ಲೂ ಕಾಣುವ, ಬಿಸಿಲು ನೆರಳನ್ನು ಒಟ್ಟಿಗೆ ತಾಳುವ ಕ್ಯಾಮರಾಗೆ ಹಾಕಿ. ಬಿಸಿಲು ನೆರಳು ತಾಳುವ ಈ ಗುಣವನ್ನು ಡಬ್ಬಿಯ ಮೇಲೆ ಡಬ್ಲ್ಯುಡಿಆರ್ ಅಂತ ಬರೆದಿರುತ್ತಾರೆ. ಎಕ್ಸ್‌ಪ್ರೆಸ್‌ವೇಯ ಸುರಂಗದಿಂದ ಹೊರಬಿದ್ದ ಕೂಡಲೇ ಪರದೆ ಬೆಳ್ಳಗಾಗಿ ಕಣ್ಣಿಗೆ ಹೊಡೆಯುತ್ತಲ್ವಾ, ಡಬ್ಲ್ಯುಡಿಆರ್ ಇಲ್ಲದ ಕ್ಯಾಮರಾದ ಗುಣ ಅದು. ನೋಟದ ಕೋನ 120ರಿಂದ 140 ಡಿಗ್ರಿ ಇರಲಿ. 170 ಅಂತ ಅಂಗಡಿಯವರು ಹೆಮ್ಮೆಯಿಂದ ಹೇಳ್ತಾರೆ, ಆದರೆ ಕೋನ ಜಾಸ್ತಿಯಾದಷ್ಟೂ ಹತ್ತಿರದ್ದು ದೂರ ಕಾಣುತ್ತೆ, ಕಂಬ ಬಾಗಿ ಕಾಣುತ್ತೆ.

ಪರದೆಯನ್ನು ನಾಲ್ಕು ಭಾಗ ಮಾಡಿ ಎಲ್ಲವನ್ನೂ ಒಟ್ಟಿಗೆ ನೋಡುವ ಆಸೆ ಬೇಡ. 7 ಇಂಚನ್ನು ಹಾಗೆ ಹಂಚಿದರೆ ಒಂದೊಂದು ಚಿತ್ರಕ್ಕೆ ಮೂರೂವರೆ ಇಂಚು. ಓಡಿಸುವಾಗ ದೂರ ನೋಡುವ ಲೆನ್ಸ್ ಒಂದೇ ಇರಲಿ, ಇಂಡಿಕೇಟರ್ ಹಾಕಿದಾಗ ಆ ಬದಿಯದು, ರಿವರ್ಸ್ ಹಾಕಿದಾಗ ಕೆಳಗೆ ನೋಡುವುದು ತಾನಾಗಿ ಬರಲಿ. ಗಾಡಿಯನ್ನು ಮೇಲಿಂದ ನೋಡಿದ ಹಾಗೆ ತೋರಿಸುವ 360 ಸಿಸ್ಟಮ್ ನೋಡೋಕೆ ಚೆಂದವೇ, ಸುಳ್ಳು ಹೇಳಲ್ಲ. ಆದರೆ ಅದು ನಾಲ್ಕು ಚಿತ್ರ ಹೊಲಿದು ಮಾಡಿದ್ದು. ಹೊಲಿಗೆ ಬೀಳುವ ಮೂಲೆಯಲ್ಲಿ ಸಣ್ಣ ಕಂಬ ಕಾಣದೆ ಹೋಗಬಹುದು. ಸಮತಟ್ಟು ನೆಲದಲ್ಲಿ ಚೌಕುಳಿಯ ಹಾಸು ಹಾಸಿ ಗಾಡಿಯ ಅಳತೆಗೆ ಸರಿಯಾಗಿ ಹೊಂದಿಸಬೇಕು, ಕಾರಿನ ಕಿಟ್ ತಂದು 7 ಮೀಟರ್ ಗಾಡಿಗೆ ಅಂಟಿಸಿದರೆ ಆಗಲ್ಲ.

ಕೆಲಸವನ್ನು ಕಾರ್ ಸ್ಟೀರಿಯೋ ಅಂಗಡಿಗೆ ಕೊಡಬೇಡಿ. ಪಿಂಪ್ರಿ-ಚಿಂಚ್‌ವಡ್ ಕಡೆ ಬಸ್ಸು, ಟೆಂಪೋಗಳ ವೈರಿಂಗ್ ಮಾಡುವವರನ್ನು ಹಿಡಿಯಿರಿ. ಹಿಂದಿನ ಕ್ಯಾಮರಾ ಬಾಗಿಲಿಗೆ ಬೇಡ, ಬಾಗಿಲ ಮೇಲಿನ ಬಾಡಿಗೆ ಕೂರಿಸಿ, ಇಲ್ಲದಿದ್ದರೆ ತೆಗೆದು ಹಾಕಿ ತೆಗೆದು ಹಾಕಿ ಕೀಲಿನ ಹತ್ತಿರ ವೈರ್ ಒಳಗೊಳಗೇ ಮುರಿಯುತ್ತೆ. ತೂತು ಕೊರೆದ ಮೇಲೆ ಕಬ್ಬಿಣದ ಅಂಚಿಗೆ ಪ್ರೈಮರ್ ಹಚ್ಚಿ, ವೈರ್ ಅಂಚಿಗೆ ಉಜ್ಜದ ಹಾಗೆ ರಬ್ಬರ್ ಗ್ರಾಮೆಟ್ (ಬಳೆ) ಕೂರಿಸಿ, ಪಾಲಿಯುರೆಥೇನ್ ಸೀಲಂಟ್ ಹಾಕಲೇಬೇಕು. ಹುಳಿ ವಾಸನೆ ಬರುವ ಮಾಮೂಲಿ ಸಿಲಿಕಾನ್ ಲೋಹವನ್ನು ತಿನ್ನುತ್ತೆ. "ಚಾಲೇಲ್", ನಡೆಯುತ್ತೆ ಬಿಡಿ, ಅಂತ ಹೇಳಿದರೆ ಒಪ್ಪಬೇಡಿ, ಎದುರೇ ನಿಂತು ಮಾಡಿಸಿ.

ಕೊನೆಗೆ ಒಂದು ಪರೀಕ್ಷೆ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಹಿಂದಿನ ಕ್ಯಾಮರಾ ಕಡ್ಡಾಯ. ಅಲ್ಲಿನ ನಿಯಮದ ಪ್ರಕಾರ ರಿವರ್ಸ್ ಹಾಕಿ 2 ಸೆಕೆಂಡಿನೊಳಗೆ ಚಿತ್ರ ಬರಬೇಕು, ಗಾಡಿಯ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಅದರಲ್ಲಿ ಕಾಣಬೇಕು. ನಮ್ಮ ಮೋಟರ್‌ಹೋಮ್‌ಗೆ ಆ ನಿಯಮ ಅನ್ವಯಿಸಲ್ಲ, ಆದರೆ ಅಳತೆ ಒಳ್ಳೆಯದು. ಹಣ ಕೊಡುವ ಮುಂಚೆ ಅದೇ ಸೀಮೆಸುಣ್ಣದಿಂದ ಅಷ್ಟು ಜಾಗ ಬರೆದು ನೋಡಿಕೊಳ್ಳಿ.

ಪ್ರಶ್ನೆ: ಅಣ್ಣಾ, ನಾವು ಬೆಳಗಾವಿಯವರು, ಮಡಗಾಂವ್‌ನಲ್ಲಿದ್ದೇವೆ. ಇಂಡಿಕೇಟರ್ ಹಾಕಿದರೆ ಸೈಡ್ ಕ್ಯಾಮರಾ ಬರುವ ಹಾಗೆ ಮಾಡಿಸಿದೆವು. ಈಗ ಚಿತ್ರ ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಚೋರ್ಲಾ ಘಾಟ್‌ನಲ್ಲಿ ಮಂಜು ಬಿದ್ದಾಗ ನಮ್ಮ ಯಜಮಾನರು ನಾಲ್ಕೂ ಇಂಡಿಕೇಟರ್ ಹಾಕುತ್ತಾರೆ, ಆಗಂತೂ ಪರದೆಗೆ ಹುಚ್ಚೇ ಹಿಡಿಯುತ್ತೆ ನೋಡ್ರಿ. ಕ್ಯಾಮರಾ ಕೆಟ್ಟಿದೆಯಾ?

ಉತ್ತರ: ಕ್ಯಾಮರಾ ಕೆಟ್ಟಿಲ್ಲ ಅಕ್ಕಾ. ಇಂಡಿಕೇಟರ್ ಬಲ್ಬ್ ನಿಮಿಷಕ್ಕೆ 60ರಿಂದ 120 ಸಲ ಹೊತ್ತಿ ಆರುತ್ತೆ. ಮಾನಿಟರ್‌ಗೆ ಹೋಗುವ ಟ್ರಿಗರ್ ವೈರ್, ಅಂದರೆ ಈಗ ಈ ಚಿತ್ರ ತೋರಿಸು ಅಂತ ಹೇಳುವ ವೈರ್, ಅದೇ ಬಲ್ಬಿನದು, ಹಾಗಾಗಿ ಅದೂ ಅಷ್ಟೇ ಸಲ ಎಚ್ಚರವಾಗಿ ಮಲಗುತ್ತೆ. ಮಾನಿಟರ್‌ನ ಸೆಟ್ಟಿಂಗ್‌ನಲ್ಲಿ ಟ್ರಿಗರ್ ಡಿಲೇ ಅಂತ ಇರುತ್ತೆ, ಅದನ್ನು 2 ಸೆಕೆಂಡಿಗೆ ಇಡಿ, ಚಿತ್ರ ನಿಲ್ಲುತ್ತೆ. ಹಾಗೊಂದು ಸೆಟ್ಟಿಂಗೇ ಇಲ್ಲದ ಮಾನಿಟರ್ ಆದರೆ ಟೈಮರ್ ರಿಲೇ ಹಾಕಿಸಿ, ದೊಡ್ಡ ಖರ್ಚೇನಲ್ಲ. ಎರಡೂ ಇಂಡಿಕೇಟರ್ ಒಟ್ಟಿಗೆ ಬಂದಾಗ ಯಾವುದು ಕಾಣಬೇಕು ಅನ್ನುವ ಆಯ್ಕೆ ಕೆಲವು ಮಾನಿಟರ್‌ಗಳಲ್ಲಿದೆ, ಅಲ್ಲಿ ರಿವರ್ಸ್ ಎಲ್ಲಕ್ಕಿಂತ ಮೇಲಿರಲಿ, ಆಮೇಲೆ ಎಡಗಡೆ.

ಯಜಮಾನರಿಗೂ ಒಂದು ಮಾತು ಹೇಳಿ, ನನ್ನ ಹೆಸರಲ್ಲೇ ಹೇಳಿ. ಓಡುವ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿದರೆ ನೀವು ಎಡಕ್ಕೆ ಹೋಗ್ತೀರೋ ಬಲಕ್ಕೆ ಹೋಗ್ತೀರೋ ಹಿಂದಿನವರಿಗೆ ಗೊತ್ತಾಗಲ್ಲ. ಅದು ನಿಂತ ಗಾಡಿಗೆ. ಮಂಜಿನಲ್ಲಿ ಡಿಮ್ ಲೈಟು, ಫಾಗ್ ಲ್ಯಾಂಪು ಸಾಕು.

ಇನ್ನೊಂದು ನೋಡಿಕೊಳ್ಳಿ. ಯಾರನ್ನಾದರೂ ಗಾಡಿಯ ಹಿಂದೆ ಎಡಮೂಲೆಯಲ್ಲಿ ನಿಲ್ಲಿಸಿ. ಪರದೆಯಲ್ಲೂ ಅವರು ಎಡಕ್ಕೇ ಕಾಣಬೇಕು, ಕನ್ನಡಿಯಲ್ಲಿ ಕಂಡ ಹಾಗೆ. ಬಲಕ್ಕೆ ಕಂಡರೆ ಚಿತ್ರ ತಿರುಗಿಸಬೇಕು. ಅನೇಕ ಕ್ಯಾಮರಾಗಳಲ್ಲಿ ಇದಕ್ಕೆಂದೇ ಒಂದು ಸಣ್ಣ ವೈರ್ ಕುಣಿಕೆ ಇರುತ್ತೆ, ಕತ್ತರಿಸಿದರೆ ಚಿತ್ರ ತಿರುಗುತ್ತೆ. ಪಕ್ಕದಲ್ಲೇ ಗೈಡ್ ಗೆರೆಗಳ ಕುಣಿಕೆಯೂ ಇರುತ್ತೆ, ಯಾವುದು ಯಾವುದು ಅಂತ ಚೀಟಿ ಓದಿ ಆಮೇಲೆ ಕತ್ತರಿ ಎತ್ತಿ.

ಪ್ರಶ್ನೆ: ವಾಶಿಯಲ್ಲಿದ್ದೇನೆ, ಊರು ಕುಂದಾಪುರ. ವರ್ಷಕ್ಕೆರಡು ಸಲ ಗಾಡಿಯಲ್ಲೇ ಊರಿಗೆ ಹೋಗುವುದು. ವೈರ್ ಎಳೆಯಲು ಒಳಗಿನ ಪ್ಲೈವುಡ್ ಎಲ್ಲ ಬಿಚ್ಚಬೇಕಂತೆ. ವೈರ್‌ಲೆಸ್ ಕ್ಯಾಮರಾ ಹಾಕಿದರೆ ಆಗುವುದಿಲ್ಲವಾ ಮಾರಾಯ್ರೇ?

ಉತ್ತರ: ವೈರ್‌ಲೆಸ್ ಅಂದರೂ ಕ್ಯಾಮರಾಗೆ ಕರೆಂಟ್ ಬೇಕಲ್ಲ ಮಾರಾಯ್ರೇ, ಹಿಂದೆ ಹೇಗೂ ಒಂದು ವೈರ್ ಜೋಡಿಸಲೇಬೇಕು. ಉಳಿತಾಯ ಆಗೋದು ಚಿತ್ರದ ವೈರ್ ಮಾತ್ರ. ಅದಕ್ಕೆ ಕೊಡುವ ಬೆಲೆ ಸಣ್ಣದಲ್ಲ. ಇವು ಹೆಚ್ಚಾಗಿ 2.4 ಗಿಗಾಹರ್ಟ್ಜ್‌ನಲ್ಲಿ ಮಾತಾಡುತ್ತವೆ, ನಿಮ್ಮ ವೈಫೈ, ಬ್ಲೂಟೂತ್ ಎಲ್ಲ ಇರೋದೂ ಅಲ್ಲೇ. ನಡುವೆ ಕಬ್ಬಿಣದ ಬಾಡಿ, ಫ್ರಿಜ್ಜು, ನೀರಿನ ಟ್ಯಾಂಕು. ಜೊತೆಗೆ ಚಿತ್ರ ಸ್ವಲ್ಪ ತಡವಾಗಿ ಬರುತ್ತೆ. 0.2 ಸೆಕೆಂಡ್ ತಡ ಅಂತಿಟ್ಟುಕೊಳ್ಳಿ, ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಬರುವ ಗಾಡಿ ಅಷ್ಟರಲ್ಲಿ 28 ಸೆಂಟಿಮೀಟರ್ ಸರಿದಿರುತ್ತೆ. ಪರದೆಯಲ್ಲಿ ಗೋಡೆಗೆ ಇನ್ನೂ ಮುಕ್ಕಾಲು ಅಡಿ ಇದೆ ಅಂತ ಕಾಣುವಾಗ ಬಂಪರ್ ಮುಟ್ಟಿಯಾಗಿರುತ್ತೆ.

ಪ್ಲೈವುಡ್ ಬಿಚ್ಚಬೇಕಿಲ್ಲ. ಒಳ್ಳೆ ವೈರಿಂಗ್‌ನವರು ಚಾಸಿಯ ಪಕ್ಕದಲ್ಲಿ ಕೊಳವೆಯೊಳಗೆ ಹಾಕಿ ವೈರ್ ಒಯ್ಯುತ್ತಾರೆ, ಸೈಲೆನ್ಸರ್ ಪೈಪಿನಿಂದ ದೂರ ಇಟ್ಟರಾಯಿತು. ಹಿಂದೆ ಮೇಲ್ಗಡೆ ಬ್ರೇಕ್ ಲೈಟ್ ಇದ್ದರೆ ಅದರ ತೂತಿನಿಂದಲೇ ಒಳಗೆ ತರಬಹುದು, ಹೊಸ ತೂತು ಬೇಡ. ವೈರ್ ಕೊಳ್ಳುವಾಗ ಗಾಡಿಯ ಉದ್ದ ನೋಡಬೇಡಿ, ಮೇಲೆ ಹತ್ತಿ ಕೆಳಗಿಳಿದು ಸುತ್ತಿ ಬರುವ ದಾರಿ ನೋಡಿ. 7 ಮೀಟರ್ ಗಾಡಿಗೆ 15 ಮೀಟರ್ ವೈರ್ ತಗೊಳ್ಳಿ. ತಿರುಗಿಸಿ ಬಿಗಿಮಾಡುವ ನಾಲ್ಕು ಪಿನ್ ಕನೆಕ್ಟರ್ ಇರುವುದೇ ಬೇಕು, ಸುಮ್ನೆ ಒತ್ತಿ ಕೂರಿಸುವುದು ನಮ್ಮ ರಸ್ತೆಯ ಕುಲುಕಾಟಕ್ಕೆ ಸಡಿಲವಾಗುತ್ತೆ. ವೈರ್‌ಲೆಸ್‌ಗೆ ಅರ್ಥ ಇರೋದು ಹಿಂದೆ ಟ್ರೈಲರ್ ಕಟ್ಟಿಕೊಂಡು ಆಗಾಗ ಬಿಚ್ಚುವವರಿಗೆ.

ಪ್ರಶ್ನೆ: ನಾನು ಮುಲುಂಡ್‌ನಲ್ಲಿರುವ ನಿವೃತ್ತ ಶಿಕ್ಷಕ. ಕಳೆದ ಮಳೆಗಾಲದಲ್ಲಿ ಗಣಪತಿಪುಳೆ, ಮಾಲ್ವಣ ಸುತ್ತಿ ಬಂದ ಮೇಲೆ ಹಿಂದಿನ ಕ್ಯಾಮರಾದ ಗಾಜಿನ ಒಳಗೆ ಮಂಜು ಕಟ್ಟಿದೆ. ಕೊಳ್ಳುವಾಗ ಐಪಿ 67, ನೀರಿಗೆ ಏನೂ ಆಗುವುದಿಲ್ಲ ಎಂದಿದ್ದರು.

ಉತ್ತರ: ಮೇಷ್ಟ್ರೇ, ಐಪಿ 67 ಅಂದರೆ 1 ಮೀಟರ್ ಆಳದ ನೀರಲ್ಲಿ 30 ನಿಮಿಷ ಮುಳುಗಿಸಿಟ್ಟರೆ ತಡೆಯುತ್ತೆ ಅಂತ. ಸರ್ವಿಸ್ ಸ್ಟೇಷನ್‌ನ ಪ್ರೆಷರ್ ಗನ್ ಬೇರೆ ಲೆಕ್ಕ. ಅದಕ್ಕೆ ಐಪಿ 69ಕೆ ಬೇಕು, ಅದನ್ನು 80 ಡಿಗ್ರಿ ಬಿಸಿನೀರನ್ನು ಜೋರು ಒತ್ತಡದಲ್ಲಿ ಹತ್ತಿರದಿಂದ ಹೊಡೆದು ಪರೀಕ್ಷೆ ಮಾಡುತ್ತಾರೆ. ಪ್ರವಾಸ ಮುಗಿಸಿ ಬಂದ ಮೇಲೆ ಗಾಡಿ ತೊಳೆಸಿದ್ದೀರಿ ತಾನೇ? ನನಗೆ ಅನುಮಾನ ಅದರ ಮೇಲೇ. ಇನ್ನೊಂದು ದಾರಿ ಹಿಂದಿನ ಕನೆಕ್ಟರ್. ಅಲ್ಲಿ ನೀರು ನಿಂತರೆ ವೈರಿನ ಒಳಗೊಳಗೇ ಹೀರಿಕೊಂಡು ಕ್ಯಾಮರಾವರೆಗೂ ಹೋಗುತ್ತೆ. ಕನೆಕ್ಟರ್ ಗಾಡಿಯ ಒಳಗೇ ಇರಲಿ. ಹೊರಗಿನ ವೈರ್ ತೂತಿಗೆ ಸೇರುವ ಮುಂಚೆ ಸ್ವಲ್ಪ ಕೆಳಗಿಳಿದು ಮತ್ತೆ ಮೇಲೇರಲಿ, ಆಗ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತೆ.

ಕ್ಯಾಮರಾ ಬಿಚ್ಚಿ ಒರೆಸೋಕೆ ಹೋಗಬೇಡಿ, ಒಂದು ಸಲ ಬಿಚ್ಚಿದ ಸೀಲ್ ಮತ್ತೆ ಕೂರಲ್ಲ. ವಾರಂಟಿ ಇದ್ದರೆ ಬದಲಾಯಿಸಿಕೊಳ್ಳಿ. ಹೊಸದನ್ನು ಕೂರಿಸುವಾಗ ಮಾಮೂಲಿ ಸ್ಕ್ರೂ ಬೇಡ. ಕೊಂಕಣದ ಉಪ್ಪುಗಾಳಿಗೆ ಅದು ಒಂದೇ ಮಳೆಗಾಲದಲ್ಲಿ ತುಕ್ಕಿನ ಗೆರೆ ಇಳಿಸುತ್ತೆ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಲೆನ್ಸ್ ಮೇಲೊಂದು ಪುಟ್ಟ ಚಜ್ಜೆಯಂಥ ತಗಡು ಇದ್ದರೆ ಮಳೆಹನಿ ಕಡಿಮೆ. ರಾತ್ರಿ ಚಿತ್ರ ಬರೀ ಬೆಳ್ಳಗೆ ಕಂಡರೆ ಒಮ್ಮೆ ಹತ್ತಿ ನೋಡಿ, ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿರುತ್ತೆ. ಕ್ಯಾಮರಾದ ಇನ್‌ಫ್ರಾರೆಡ್ ಬೆಳಕು ಆ ಎಳೆಗಳಿಗೆ ಹೊಡೆದು ವಾಪಸ್ ಬರುತ್ತೆ.

ಪ್ರಶ್ನೆ: ಪಿಂಪ್ರಿಯಿಂದ ಬರೆಯುತ್ತಿದ್ದೇನೆ. ಇನ್ವರ್ಟರ್ ಹಾಕಿದ ಕೂಡಲೇ ಚಿತ್ರದಲ್ಲಿ ಅಡ್ಡಗೆರೆಗಳು ಓಡುತ್ತವೆ. ಕ್ಯಾಮರಾಗೆ ಕರೆಂಟ್ ರಿವರ್ಸ್ ಲೈಟಿನಿಂದ ಕೊಟ್ಟಿದ್ದಾರೆ.

ಉತ್ತರ: ಚಿತ್ರದ ವೈರ್ ಇನ್ವರ್ಟರಿನ ದಪ್ಪ ಕೇಬಲ್ ಜೊತೆಗೇ ಒಂದೇ ಕಟ್ಟಿನಲ್ಲಿ ಬಂದಿದೆಯಾ ನೋಡಿ, ಬೇರೆ ಮಾಡಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ. ಕ್ಯಾಮರಾ, ಮಾನಿಟರ್ ಎರಡರ ಅರ್ಥಿಂಗೂ ಒಂದೇ ಕಡೆ ಇರಲಿ. ರಿವರ್ಸ್ ಲೈಟಿನಿಂದ ಸುದ್ದಿ ಮಾತ್ರ ತಗೊಳ್ಳಿ, ಊಟ ಬೇಡ, ಅಂದರೆ ಟ್ರಿಗರ್ ಅಲ್ಲಿಂದ, ಕರೆಂಟ್ ಇಗ್ನಿಷನ್ ಲೈನಿನಿಂದ, ನಡುವೆ 3 ಅಥವಾ 5 ಆಂಪಿಯರ್ ಫ್ಯೂಸ್. ಬಸ್ ಚಾಸಿಯ ಗಾಡಿಯಾದರೆ 24 ವೋಲ್ಟ್ ಇರಬಹುದು, 12ರ ಕ್ಯಾಮರಾಗೆ ಅದನ್ನು ನೇರ ಕೊಟ್ಟರೆ ಸುಟ್ಟುಹೋಗುತ್ತೆ. 12ರಿಂದ 24ರವರೆಗೆ ತಾಳುವುದೇ ಕೊಳ್ಳಿ.

ಪ್ರಶ್ನೆ: ಕ್ಯಾಮರಾ ಇದೆ ಅಂದಮೇಲೆ ದೊಡ್ಡ ಕನ್ನಡಿಗಳನ್ನು ತೆಗೆಸಬಹುದಾ? ಡೊಂಬಿವಲಿಯ ಗಲ್ಲಿಗಳಲ್ಲಿ ಅವು ತಾಗುತ್ತವೆ.

ಉತ್ತರ: ಬೇಡವೇ ಬೇಡ. ಫ್ಯೂಸ್ ಹೋದರೆ ಕ್ಯಾಮರಾ ಹೋಯಿತು, ಕನ್ನಡಿಗೆ ಫ್ಯೂಸ್ ಇಲ್ಲ. ಮಡಚುವ ಕನ್ನಡಿ ಹಾಕಿಸಿ.

ಪ್ರಶ್ನೆ: ಪರದೆಯ ಹಸಿರು, ಹಳದಿ, ಕೆಂಪು ಗೆರೆಗಳನ್ನು ಎಷ್ಟು ನಂಬಬಹುದು? ಸೆನ್ಸರ್ ಕೂಡ ಬೇಕಾ? (ಫೋಂಡಾ, ಗೋವಾ)

ಉತ್ತರ: ಅಂಗಡಿಯಿಂದ ಬಂದ ಹಾಗೇ ಇದ್ದರೆ ನಂಬಬೇಡಿ. ಆ ಗೆರೆಗಳು ಯಾವುದೋ ಕಾರಿನ ಎತ್ತರಕ್ಕೆ ಬರೆದವು, ನಿಮ್ಮ ಕ್ಯಾಮರಾ ಇರೋದು ಒಂಬತ್ತು ಅಡಿ ಮೇಲೆ. ಬಂಪರಿನಿಂದ ಅಳೆದು 1, 2, 3 ಮೀಟರಿಗೆ ನೀರಿನ ಬಾಟಲಿ ಇಡಿ, ಗೆರೆ ಸರಿಸಲು ಬಂದರೆ ಸರಿಸಿ, ಬರದಿದ್ದರೆ ಗೆರೆ ಆಫ್ ಮಾಡಿ ಪರದೆ ಮೇಲೆ ಸಣ್ಣ ಟೇಪ್ ತುಂಡು ಅಂಟಿಸಿ. ಸೈಕಲ್ ಸ್ಟ್ಯಾಂಡ್ ಇದ್ದರೆ ಬಂಪರಿನಿಂದಲ್ಲ, ಸ್ಟ್ಯಾಂಡಿನ ತುದಿಯಿಂದ ಅಳೆಯಿರಿ.

ನಮ್ಮಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಗಿದೆ. ಮೋಟರ್‌ಹೋಮ್‌ಗೂ ಹಾಕಿಸಿ, ರಾತ್ರಿ ಕಣ್ಣು ಸೋತಾಗ ಕಿವಿ ಕೆಲಸಕ್ಕೆ ಬರುತ್ತೆ. ಆದರೆ ಸೆನ್ಸರ್ ಇರೋದು ಬಂಪರ್ ಎತ್ತರದಲ್ಲಿ, ಕ್ಯಾಮರಾ ನೋಡೋದು ಕೆಳಗೆ. ಗೋವಾದ ಒಳದಾರಿಗಳಲ್ಲಿ ನಿಮ್ಮ ಏಸಿ ಡಬ್ಬಿಗೆ ತಾಗೋದು ಹಲಸಿನ ಕೊಂಬೆ, ಹಳೇ ಮನೆಯ ಹೆಂಚಿನ ಸೂರು, ಕೆಳಗಿಳಿಬಿದ್ದ ಕೇಬಲ್ ವೈರು. ಅವು ಎರಡಕ್ಕೂ ಕಾಣಲ್ಲ. ಹಿಂದಕ್ಕೆ ತೆಗೆಯುವ ಮುಂಚೆ ಒಬ್ಬರು ಇಳಿದು ತಲೆ ಎತ್ತಿ ನೋಡಲೇಬೇಕು.

ಪ್ರಶ್ನೆ: ರಾತ್ರಿ ಗಾಡಿ ನಿಲ್ಲಿಸಿ ಮಲಗಿದಾಗ ಹೊರಗೆ ಸದ್ದಾದರೆ ಇದೇ ಕ್ಯಾಮರಾದಲ್ಲಿ ನೋಡಬಹುದಾ? ಬ್ಯಾಟರಿ ಇಳಿಯುತ್ತದಾ? (ಚಿಂಚ್‌ವಡ್)

ಉತ್ತರ: ಧಾರಾಳವಾಗಿ ನೋಡಬಹುದು, ಆದರೆ ಎಂಜಿನ್ ಬ್ಯಾಟರಿಯಿಂದ ಬೇಡ. ಗಾಡಿಯೊಳಗಿನ ಮನೆ ಬಳಕೆಗೆ ಇರುವ ಬೇರೆ ಬ್ಯಾಟರಿಯಿಂದ ಇನ್ನೊಂದು ಲೈನ್ ತಂದು, ಎರಡರಲ್ಲಿ ಒಂದನ್ನು ಮಾತ್ರ ಆರಿಸುವ ಸ್ವಿಚ್ ಹಾಕಿಸಿ. ಮಾನಿಟರ್ 6 ವಾಟ್, ಮೂರು ಕ್ಯಾಮರಾ ತಲಾ 2 ವಾಟ್ ಅಂತ ಹಿಡಿದರೆ ಒಟ್ಟು 12 ವಾಟ್, ಅಂದರೆ 12 ವೋಲ್ಟಿನಲ್ಲಿ 1 ಆಂಪಿಯರ್. ರಾತ್ರಿಯಿಡೀ, 8 ಗಂಟೆ, ಹಾಕಿಟ್ಟರೂ 8 ಆಂಪಿಯರ್ ಅವರ್. 100ರ ಬ್ಯಾಟರಿಗೆ ಅದೇನೂ ಭಾರವಲ್ಲ, ಆದರೆ ಹಾಕಿಡುವ ಅಗತ್ಯವೂ ಇಲ್ಲ. ಸ್ವಿಚ್ಚನ್ನು ಹಾಸಿಗೆಯಿಂದ ಕೈ ಚಾಚಿದರೆ ಸಿಗುವ ಕಡೆ ಇಡಿಸಿ, ಮಾನಿಟರನ್ನು ಹಿಂದಕ್ಕೆ ತಿರುಗುವ ಸ್ಟ್ಯಾಂಡ್ ಮೇಲೆ ಕೂರಿಸಿ. ಕ್ಯಾಂಪ್‌ಸೈಟಿನಲ್ಲಿ ಪಕ್ಕದವರ ಟೆಂಟಿಗೆ ಮುಖ ಮಾಡಿ ರೆಕಾರ್ಡಿಂಗ್ ಮಾತ್ರ ಹಾಕಬೇಡಿ, ಜಗಳ ಆಗುತ್ತೆ.